ಗೋಡೆಯ ಮೇಲಿನ ವೈದ್ಯ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾದು ಅಭ್ಯಾಸವಿರುವ ನನ್ನಂಥ ಹೆಂಗಸರಿಗೆ ಒಂದು ವಿದ್ಯೆ ತಾನಾಗಿಯೇ ಒಲಿದಿರುತ್ತದೆ. ಎದುರಿನ ಗೋಡೆಯನ್ನು ನೋಡಿಯೂ ನೋಡದವರಂತೆ ನಿಲ್ಲುವ ವಿದ್ಯೆ ಅದು. ನನ್ನ ಹರೆಯದ ದಿನಗಳಲ್ಲಿ ಆ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿನ ಪಕ್ಕದಲ್ಲೇ ದಪ್ಪ ನೀಲಿ ಅಕ್ಷರಗಳಿರುತ್ತಿದ್ದವು: ಗುಪ್ತರೋಗ, ನಿಶ್ಶಕ್ತಿ, ಅಂಗ ಸಣ್ಣದಾಗಿರುವುದು, ಎಲ್ಲಕ್ಕೂ ಖಂಡಿತ ಪರಿಹಾರ, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಭೇಟಿ. ನಾವು ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ತಿರುಗುತ್ತಿದ್ದೆವು. ಅದು ಗಂಡಸರ ವಿಷಯ, ನಮಗೇಕೆ ಎನ್ನುವ ಹಾಗೆ.

ನಮಗೇಕೆ ಎಂಬುದಕ್ಕೆ ಉತ್ತರ ನಮ್ಮ ಮನೆಯೊಳಗೇ ಇತ್ತು.

1992ರಲ್ಲಿ ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಕೊಳ್ಳೇಗಾಲದವಳು ಎಂದರೆ ಸಾಕು, ಹಾಸ್ಟೆಲಿನ ಗೆಳತಿಯರು "ನಿಂಬೆಹಣ್ಣು ತಂದಿದ್ದೀಯೇನೇ?" ಎಂದು ನಗುತ್ತಿದ್ದರು. ಮಾಟ ಮಂತ್ರದ ಹೆಸರು ನಮ್ಮೂರಿನ ರೇಷ್ಮೆಗಿಂತ ದೂರ ಹೋಗಿತ್ತು. ಮನೆಯಲ್ಲಿ ಎರಡು ಮಗ್ಗ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ನೇಯುತ್ತಿದ್ದ. ಅವನಿಗೆ ಆಗ ಇಪ್ಪತ್ತೆಂಟು. ಯಳಂದೂರಿನ ಹುಡುಗಿಯ ಜೊತೆ ಮಾತುಕತೆ ಮುಗಿದು ನಿಶ್ಚಿತಾರ್ಥವೂ ಆಗಿತ್ತು.

ದಸರಾ ರಜೆಗೆ ಬಂದವಳು ಅಣ್ಣನ ಕೋಣೆ ಗುಡಿಸುವಾಗ ಹಾಸಿಗೆಯ ಕೆಳಗೆ ಒಂದು ಎಣ್ಣೆಯ ಸೀಸೆ, ಲೇಹ್ಯದ ಡಬ್ಬಿ, ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ಸಿಕ್ಕವು. ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ಅಂಗವನ್ನು ಹೇಗೆ ಹಿಂಡಬೇಕು, ಹೇಗೆ ಎಳೆಯಬೇಕು, ಎಷ್ಟು ದಿನಕ್ಕೆ ಎಷ್ಟು ಬೆಳೆಯುತ್ತದೆ ಎಂದೆಲ್ಲ ಅದರಲ್ಲಿ ಬರೆದಿತ್ತು. ಕೊನೆಯಲ್ಲಿ, ನೋವಾದರೆ ಗುಣ ಕಾಣುತ್ತಿದೆಯೆಂದು ತಿಳಿಯಬೇಕು, ನಿಲ್ಲಿಸಕೂಡದು ಎಂಬ ಸೂಚನೆ. ನನ್ನ ಮುಖ ಬಿಸಿಯಾಯಿತು. ಎಲ್ಲವನ್ನೂ ಇದ್ದ ಹಾಗೇ ಇಟ್ಟು, ಅಷ್ಟು ಜಾಗ ಬಿಟ್ಟು ಗುಡಿಸಿ ಹೊರಗೆ ಬಂದೆ.

ಎರಡು ತಿಂಗಳಲ್ಲಿ ಅಣ್ಣ ಮದುವೆ ಬೇಡವೆಂದ. ಕಾರಣ ಕೇಳಿದರೆ ಗೋಡೆ ನೋಡುತ್ತಿದ್ದ. ಅವ್ವ ಅತ್ತಳು. ಯಾರೋ ಮಾಟ ಮಾಡಿಸಿದ್ದಾರೆಂದು ನೆಂಟರು ತೀರ್ಮಾನಿಸಿ, ಒಬ್ಬ ಮಂತ್ರವಾದಿಯ ಬಳಿ ಕರೆದುಕೊಂಡು ಹೋದರು. ಅವನು ಬೆರಳು ತೋರಿಸಿದ್ದು ಹೆಣ್ಣಿನ ಕಡೆಗೆ. ಆ ಹುಡುಗಿಯ ಕಾಲ್ಗುಣ ಸರಿಯಿಲ್ಲ, ಮನೆ ತುಂಬಿದ್ದರೆ ಮಗ್ಗವೇ ನಿಲ್ಲುತ್ತಿತ್ತಂತೆ. ಆ ಮಾತು ನಮಗಿಂತ ಮೊದಲು ಯಳಂದೂರು ತಲುಪಿತು. ನನಗೆ ಹಾಳೆಯ ವಿಷಯ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ನಾನು ಓದಿದ್ದು ಬಿ.ಎ., ಪಾಠ ಹೇಳಿದ್ದು ಸಮಾಜ ವಿಜ್ಞಾನ. ವೈದ್ಯಳಲ್ಲ. ಆದರೆ ಆ ಹಾಳೆಯ ಪೂರ್ವಜರನ್ನು ಹುಡುಕುವ ಹುಚ್ಚು ಆಮೇಲೆ ಹತ್ತಿತು. ಹುಡುಕುತ್ತ ಹೋದರೆ ವಂಶವೃಕ್ಷ ಬಹಳ ಹಳೆಯದು. ವಾತ್ಸ್ಯಾಯನನ ಕಾಮಸೂತ್ರದ ಕೊನೆಯ ಭಾಗದಲ್ಲಿ ಅಂಗ ಹಿಗ್ಗಿಸುವ ಉಪಾಯಗಳೇ ಇವೆ. ಅದರಲ್ಲೊಂದು, ಶೂಕವೆಂಬ ಹುಳುವಿನ ರೋಮವನ್ನು ತಿಕ್ಕಿ ಎಣ್ಣೆ ಸವರುವುದು. ಚರ್ಮ ಕೆರಳಿ ಊದಿಕೊಳ್ಳುತ್ತದೆ. ಊದಿದ್ದನ್ನೇ ಬೆಳೆದದ್ದೆಂದು ನಂಬುವುದು. ನಮ್ಮ ಕನ್ನಡದಲ್ಲೂ ಕಾಮಶಾಸ್ತ್ರಕ್ಕೆ ಬರವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನ 'ಮದನತಿಲಕ', ಹದಿನೈದನೆಯದರಲ್ಲಿ ಕಲ್ಲರಸನ 'ಜನವಶ್ಯ' ಹುಟ್ಟಿದವು.

ನಾನು ಬೆರಗಾದದ್ದು ಸುಶ್ರುತನನ್ನು ಓದಿದಾಗ. ಅವನ ಸಂಹಿತೆಯ ನಿದಾನಸ್ಥಾನದಲ್ಲಿ ಶೂಕದೋಷಕ್ಕೇ ಒಂದು ಅಧ್ಯಾಯವಿದೆ. ಅಂಗ ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ಹೀಗೆ ತಿಕ್ಕಿಕೊಂಡವರಿಗೆ ಬರುವ ಕಾಯಿಲೆಗಳು ಹದಿನೆಂಟು ಎಂದು ಅವನು ಎಣಿಸಿ ಕೊಡುತ್ತಾನೆ. ಅಂದರೆ ಆಸೆ ಎಷ್ಟು ಹಳೆಯದೋ ಎಚ್ಚರಿಕೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಗೋಡೆಯ ಮೇಲಿನ ವೈದ್ಯರು ಪ್ರಾಚೀನರ ಹೆಸರು ಹೇಳಿ ಮೊದಲನೆಯದನ್ನು ಮಾರಿದರು, ಎರಡನೆಯದನ್ನು ಮುಚ್ಚಿಟ್ಟರು.

ಕಾನೂನು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು ಸಂಸತ್ತು 1954ರ ಒಂದು ಕಾಯ್ದೆಯಲ್ಲೇ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಹೆಸರಿನಲ್ಲೇ ಔಷಧಿಯ ಜೊತೆಗೆ 'ಮಾಂತ್ರಿಕ ಪರಿಹಾರ'ವೂ ಸೇರಿದೆ. ತಾಯಿತ, ಮಂತ್ರ, ಕವಚ ಎಲ್ಲವೂ ಅದರೊಳಗೆ ಬರುತ್ತವೆ. ಬೇರೆ ಊರಿಗೆ ಎರಡು ಕಾಯ್ದೆ ಬೇಕಾದರೂ ನಮ್ಮ ಕೊಳ್ಳೇಗಾಲಕ್ಕೆ ಇದೊಂದೇ ಸಾಕಿತ್ತು! 1955ರಲ್ಲಿ ಅದು ಜಾರಿಗೆ ಬಂದಾಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಗೋಡೆ ಬರಹ ಮಾತ್ರ ಎರಡೂ ಊರುಗಳಲ್ಲಿ ಉಳಿಯಿತು. ಸರ್ವೋಚ್ಚ ನ್ಯಾಯಾಲಯದವರೆಗೆ ಈ ಕಾಯ್ದೆಯನ್ನು ಪ್ರಶ್ನಿಸಿದವರಿದ್ದರು. 1959ರ ಡಿಸೆಂಬರಿನ ತೀರ್ಪಿನಲ್ಲಿ ನ್ಯಾಯಾಲಯ ಕೆಲವು ಭಾಗಗಳನ್ನು ತೆಗೆದುಹಾಕಿತಾದರೂ, ಇಂಥ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದೇ ಹೇಳಿತು. ಔಷಧ ನಿಯಮಗಳಲ್ಲೂ, ಯಾವ ಮದ್ದೂ ಅಂಗದ ಗಾತ್ರವನ್ನು ಹೆಚ್ಚಿಸುತ್ತದೆಂದು ಹೇಳಿಕೊಳ್ಳಕೂಡದೆಂದು ಸ್ಪಷ್ಟವಾಗಿದೆ. ಆದರೆ ಮೋಸ ಹೋದವನು ದೂರು ಕೊಡಬೇಕಲ್ಲ? ಪೊಲೀಸರ ಮುಂದೆ ಯಾವ ಗಂಡಸು ಈ ಕಥೆ ಹೇಳುತ್ತಾನೆ? ಆ ವ್ಯಾಪಾರದ ನಿಜವಾದ ಬಂಡವಾಳ ಎಣ್ಣೆಯಲ್ಲ, ನಾಚಿಕೆ.

2009ರಲ್ಲಿ ಅಣ್ಣನಿಗೆ ಸಕ್ಕರೆ ಕಾಯಿಲೆ ಎಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಏನೇನೋ ಕೇಳುತ್ತಿದ್ದಾಗ ಅವನು, "ನೀನು ಆಚೆಗಿರು" ಎಂದ. ಅರ್ಧ ಗಂಟೆ ಹೊರಗೆ ಕೂತೆ. ಸಂಜೆ ಬಸ್ಸಿನಲ್ಲಿ ನರಸೀಪುರ ದಾಟಿದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಅಂದ:

"ಅಂಗೇನೂ ಇರ್ನಿಲ್ವಂತೆ ಕಣವ್ವ. ಎಲ್ರಂಗೇ ಇದ್ನಂತೆ. ನಾನೇ ಹಿಂಡಿ ಹಿಂಡಿ ಕೆಡಿಸ್ಕೊಂಡಿವ್ನಿ."

ಅದುಮಿ ಎಳೆದದ್ದರಿಂದ ಒಳಗಿನ ಪೊರೆಗೆ ಗಾಯವಾಗಿ, ಗಾಯ ಗಂಟಾಗಿ ಅಂಗ ಬಾಗಿತ್ತು. ಹೆದರಿ ಮದುವೆ ಬಿಟ್ಟಿದ್ದ. ಆ ಬಾಗು ಸಂಸಾರಕ್ಕೆ ಅಡ್ಡಿಯಾಗುವಷ್ಟೇನೂ ಇರಲಿಲ್ಲ, ಆಗಲೇ ಬಂದಿದ್ದರೆ ಚಿಕಿತ್ಸೆಯೂ ಸುಲಭವಿತ್ತು ಎಂದಿದ್ದರಂತೆ ವೈದ್ಯರು. ಹದಿನೇಳು ವರ್ಷ ಒಬ್ಬನೇ ಹೊತ್ತದ್ದು ಇಷ್ಟನ್ನೇ.

ಅಂದಿನಿಂದ ನಾನು ಕೇಳಿ, ಓದಿ ತಿಳಿದದ್ದನ್ನು ನಿಮಗೂ ಹೇಳಬೇಕು. ಆ ಅಂಗ ಗರಡಿಯಲ್ಲಿ ಸಾಮು ಮಾಡಿದರೆ ಉಬ್ಬುವ ತೋಳಿನಂಥದಲ್ಲ. ಅದರ ಬಹುಭಾಗ ರಕ್ತ ತುಂಬಿಕೊಳ್ಳುವ ಸ್ಪಂಜಿನಂಥ ಅಂಗಾಂಶ, ಸುತ್ತ ಗಟ್ಟಿ ಪೊರೆ. ಹಿಂಡಿದರೆ ಬೆಳೆಯುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ನಂಬತಕ್ಕ ಪುರಾವೆಯಿಲ್ಲ. ರಕ್ತ ಹೆಪ್ಪುಗಟ್ಟುವುದು, ನೋವು, ಗಾಯದ ಗಂಟು, ಬಾಗು, ಇವು ಆಗಬಹುದು. ಈ ಬಾಗುವ ಕಾಯಿಲೆಯನ್ನು 1743ರಲ್ಲೇ ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಪೆರೋನಿಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಎಳೆತದ ಸಾಧನಗಳಿಂದ ತಿಂಗಳುಗಟ್ಟಲೆ, ದಿನಕ್ಕೆ ಹಲವಾರು ಗಂಟೆ ಬಳಸಿದವರಲ್ಲಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಂಡ ವರದಿಗಳಿವೆ. ಅದು ವೈದ್ಯರ ಕಣ್ಣೆದುರು ಆಗಬೇಕಾದ್ದು, ಲಾಡ್ಜಿನಲ್ಲಲ್ಲ. ಇನ್ನು ಗಾತ್ರದ ಮಾತು. ಹದಿನೈದು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಕಲೆಹಾಕಿ 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಕೊಟ್ಟ ಸರಾಸರಿ, ಉದ್ರೇಕದಲ್ಲಿ 13 ಸೆಂಟಿಮೀಟರಿನಷ್ಟು. ಸಣ್ಣದೆಂದು ಕೊರಗಿ ಬರುವವರಲ್ಲಿ ಹೆಚ್ಚಿನವರು ಸಹಜವಾಗಿಯೇ ಇರುತ್ತಾರೆ.

ಹಾಗಾದರೆ ಗುಣ ಕೊಡುವ ವ್ಯಾಯಾಮವೇ ಇಲ್ಲವೇ? ಒಂದಿದೆ. ತಮಾಷೆಯೆಂದರೆ ಅದು ಹೆಂಗಸರಿಂದ ಗಂಡಸರಿಗೆ ಹೋದದ್ದು. ಹೆರಿಗೆಯ ನಂತರ ಮೂತ್ರ ತಡೆಯಲಾಗದ ತಾಯಂದಿರಿಗಾಗಿ ಅಮೆರಿಕದ ಡಾ. ಕೆಗೆಲ್ 1948ರಲ್ಲಿ ಒಂದು ವ್ಯಾಯಾಮವನ್ನು ಪ್ರಕಟಿಸಿದರು. ಮೂತ್ರ ತಡೆದುಕೊಳ್ಳುವಾಗ ಬಿಗಿಯುವ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು, ಅಷ್ಟೇ. ನಮ್ಮ ಯೋಗದ ಮೂಲಬಂಧ, ಅಶ್ವಿನಿ ಮುದ್ರೆಗಳು ಇದಕ್ಕೆ ಹತ್ತಿರದವು. 2005ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ನಿಮಿರು ದೌರ್ಬಲ್ಯವಿದ್ದ 55 ಗಂಡಸರ ಪೈಕಿ ನೂರಕ್ಕೆ 40ರಷ್ಟು ಮಂದಿ ಆರು ತಿಂಗಳಲ್ಲಿ ಈ ವ್ಯಾಯಾಮದಿಂದ ಸರಿಹೋದರು. ಇದರಿಂದ ಗಾತ್ರ ಬೆಳೆಯುವುದಿಲ್ಲ, ಶಕ್ತಿ ಮರಳಬಹುದು. ಕೈ ಹಚ್ಚುವ ಕೆಲಸವಿಲ್ಲ, ಖರ್ಚಿಲ್ಲ. ಆದ್ದರಿಂದ ಗೋಡೆಯ ವೈದ್ಯನಿಗೆ ಅದರಲ್ಲಿ ಆಸಕ್ತಿಯೂ ಇಲ್ಲ.

ಇನ್ನೆರಡು ಮಾತು. ನಡುವಯಸ್ಸಿನಲ್ಲಿ ಗಂಡನಿಗೆ ದೌರ್ಬಲ್ಯ ಕಂಡರೆ ಸಕ್ಕರೆ, ರಕ್ತದೊತ್ತಡ, ಹೃದಯ ಇವುಗಳ ತಪಾಸಣೆ ಮೊದಲು ಆಗಲಿ. ಎಷ್ಟೋ ಸಲ ಅದು ರಕ್ತನಾಳಗಳು ಕೊಡುವ ಮುನ್ಸೂಚನೆ. ಗಿಡಮೂಲಿಕೆಯದೆಂದು ಮಾರುವ ಮಾತ್ರೆಗಳಲ್ಲಿ, 1998ರಲ್ಲಿ ವಯಾಗ್ರ ಎಂಬ ಹೆಸರಿನಿಂದ ಬಂದ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ.

ಕಳೆದ ವರ್ಷ ಹನೂರಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಮದುವೆಯಾಗಿ ಒಂದೂವರೆ ವರ್ಷ. ಗಂಡ ಮೊಬೈಲು ನೋಡಿ ಅದೇ ಹಿಂಡುವ ವ್ಯಾಯಾಮ ಮಾಡಿ ಬಾವು ಬರಿಸಿಕೊಂಡಿದ್ದ. ಅತ್ತೆ ಇವಳಿಗೆ ತಾಯಿತ ಕಟ್ಟಿಸಿದ್ದಳು. "ನನ್ ದೋಸ ಏನ್ ಮಿಸ್ಸೇ ಇದ್ರಲ್ಲಿ?" ಎಂದು ಕೇಳಿದಳು. ಗೋಡೆಯಿಂದ ಅಂಗೈಗೆ ಇಳಿದು ಬಂದಿದ್ದಾನೆ ವೈದ್ಯ, ಮಾತು ಅವೇ. ಈ ಸಲ ನಾನು ಮುಖ ತಿರುಗಿಸಲಿಲ್ಲ. ಇಬ್ಬರನ್ನೂ ಕರೆದುಕೊಂಡು ಮೂತ್ರಾಂಗ ತಜ್ಞರ ಬಳಿ ಹೋದೆ. ಬಾವು ಇಳಿಯಿತು, ವ್ಯಾಯಾಮ ನಿಂತಿತು. ತಾಯಿತವನ್ನು ಅವಳೇ ಬಿಚ್ಚಿದಳು.

ಯಳಂದೂರು ಸಂಚಿಯ ಹೊನ್ನಮ್ಮನ ಊರು. ಹದಿನೇಳನೆಯ ಶತಮಾನದ ಆ ತಾಯಿ 'ಹದಿಬದೆಯ ಧರ್ಮ' ಬರೆದು ಹೆಂಡತಿಯ ನಡತೆಯನ್ನು ಹೇಳಿದಳು. ಅದೇ ಕಾವ್ಯದಲ್ಲಿ ಹೆಣ್ಣೆಂದು ಹೀಗಳೆಯುವವರನ್ನೂ ವಿಚಾರಿಸಿಕೊಂಡಳು. ಅದೇ ಊರಿನ, ಕಾಲ್ಗುಣ ಸರಿಯಿಲ್ಲವೆನಿಸಿಕೊಂಡ ಆ ಹುಡುಗಿಗೆ ಆರು ವರ್ಷ ಗಂಡು ಸಿಗಲಿಲ್ಲ. ಕೊನೆಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಬಸ್ಸಿನ ವ್ಯಥೆ ಕೇಳಿದ ಮರುವರ್ಷ, ಒಂದು ತರಬೇತಿಯಲ್ಲಿ ಅವಳು ಎದುರಾದಳು. ಅಂಗನವಾಡಿ ಕಾರ್ಯಕರ್ತೆ. ಊಟದ ಸಾಲಿನಲ್ಲಿ ನನ್ನ ಗುರುತು ಹಿಡಿದು, "ನಿಮ್ಮಣ್ಣ ಚೆನ್ನಾಗವ್ರಾ?" ಎಂದಳು. ಚೆನ್ನಾಗಿದ್ದಾನೆ ಎಂದೆ. ತಟ್ಟೆ ಹಿಡಿದ ಕೈ ನಡುಗುತ್ತಿತ್ತು. ಊಟವಾದ ಮೇಲೆ ಮರದ ಕೆಳಗೆ ಕೂರಿಸಿ, ಹಾಸಿಗೆಯ ಕೆಳಗಿನ ಹಾಳೆಯಿಂದ ಬಸ್ಸಿನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಿದ್ದು, "ನಮ್ಮವ್ವ ಇದ್ದಾಗ್ಲೇ ಯೋಳಬಾರ್ದಾಗಿತ್ತಾ ಅಕ್ಕ?" ಎಂದಳು.

ಅದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಅಣ್ಣನನ್ನು ಕೇಳಿದೆ. ಮಗ್ಗದಿಂದ ತಲೆಯೆತ್ತದೆ, "ಬರಿ. ಹೆಂಗಸ್ರೂ ಓದ್ಲಿ" ಎಂದ.