ಕನ್ನಂಬಾಡಿಯ ನೀರು, ಕಾಲುವೆಯ ಕೊನೆ

ಮಂಡ್ಯ ಸೀಮೆಯ ಶಾಲೆಯೊಂದರಲ್ಲಿ ನಾನು ಚರಿತ್ರೆಯ ಪಾಠ ಹೇಳುತ್ತಿದ್ದಾಗ, 'ಕನ್ನಂಬಾಡಿ ಕಟ್ಟೆಯಿಂದ ಮಂಡ್ಯ ಹಸುರಾಯಿತು' ಎಂಬ ವಾಕ್ಯವನ್ನು ಪ್ರತಿವರ್ಷವೂ ಮಕ್ಕಳಿಂದ ಬರೆಯಿಸುತ್ತಿದ್ದೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮೂರ್ಗೆ ನೀರೇ ಬರಲ್ವಲ್ಲ ಸಾ?" ಎಂದ. ಅವನ ಊರು ಕಾಲುವೆಯ ಕೊನೆಯಲ್ಲಿತ್ತು. ಅಂದು ನನಗೆ ಉತ್ತರ ಹೊಳೆಯಲಿಲ್ಲ.

ಕಟ್ಟೆಯ ಚರಿತ್ರೆಯಲ್ಲಿಯೇ ಆ ಉತ್ತರವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲದು. 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಗಲು ಇದೂ ಒಂದು ಮುಖ್ಯ ಕಾರಣ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಮದರಾಸಿನೊಡನೆ ಒಪ್ಪಂದವಾದದ್ದು 1924ರಲ್ಲಿ. ಮಂಡ್ಯದ ಹೊಲಗಳಿಗೆ ನೀರು ಮುಟ್ಟಲು ಹುಲಿಕೆರೆಯ ಬಳಿ ಸುರಂಗ ಕೊರೆದು, ಅಂದು ಇರ್ವಿನ್ ನಾಲೆಯೆನಿಸಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯನ್ನು ತೋಡಬೇಕಾಯಿತು.

ನೀರು ಬಂದೊಡನೆ ಸಿರಿ ಬಂದೀತೆ? ಕಬ್ಬು ಕಡಿದ ಮೇಲೆ ಕಾಯುವ ಪದಾರ್ಥವಲ್ಲ. ತಡವಾದಷ್ಟೂ ಸಕ್ಕರೆಯ ಅಂಶ ಇಳಿಯುತ್ತದೆ. ಅದನ್ನು ಅರೆಯುವ ಕಾರ್ಖಾನೆ ಹತ್ತಿರವೇ ಇರಬೇಕು. ಮಂಡ್ಯದ ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾದಾಗ ರಾಗಿಯ ಹೊಲದ ರೈತನ ಕಬ್ಬಿಗೆ ಕೊಳ್ಳುವವರು ಸಿಕ್ಕರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಕಟ್ಟೆ, ನಾಲೆ, ಕಾರ್ಖಾನೆ, ರಸ್ತೆ ಇವೆಲ್ಲ ಕೂಡಿಬಂದಾಗಲೇ ಹಾಕಿದ ಹಣ ಫಲ ಕೊಟ್ಟಿತು.

ಈ ಲೆಕ್ಕದಲ್ಲಿ ಖರ್ಚಿನ ಕಡೆಯೂ ಒಂದುಂಟು. ಹಳೆಯ ಕನ್ನಂಬಾಡಿ ಮುಳುಗಿ, ಅಲ್ಲಿನ ಜನ ಬೇರೆಡೆ ನೆಲೆ ಕಂಡುಕೊಳ್ಳಬೇಕಾಯಿತು. ನೀರು ನಿಂತ ಗದ್ದೆಗಳ ಸೀಮೆಯಲ್ಲಿ ಮಲೇರಿಯ ಕಾಡಿತು. ನಾಲೆಯ ತಲೆಯವರು ಭತ್ತ, ಕಬ್ಬುಗಳಿಗೆ ಯಥೇಚ್ಛವಾಗಿ ನೀರು ಹರಿಸಿಕೊಂಡರೆ, ಹೂಳು ತುಂಬಿದ ಕಿರುಗಾಲುವೆಯ ಕೊನೆಯವರಿಗೆ ಉಳಿಯುವುದು ಒಣ ಮಣ್ಣು. ಕಟ್ಟುವುದಕ್ಕೆ ಒಮ್ಮೆ ಹಣ ಸಾಕು; ಹೂಳೆತ್ತುವುದಕ್ಕೆ, ನೀರನ್ನು ಸರಿಯಾಗಿ ಹಂಚುವುದಕ್ಕೆ ಪ್ರತಿವರ್ಷವೂ ಬೇಕು. ಶಂಕುಸ್ಥಾಪನೆಗೆ ಸೇರುವ ಜನ ಹೂಳೆತ್ತುವಾಗ ಸೇರುವುದಿಲ್ಲ.

ಇಂದು ನಾನು ಮತ್ತೆ ಪಾಠ ಹೇಳುವುದಾದರೆ ಆ ವಾಕ್ಯವನ್ನು ತಿದ್ದಿ ಬರೆಯಿಸುತ್ತೇನೆ: 'ನೀರು ಮುಟ್ಟಿದಷ್ಟು ಮಂಡ್ಯ ಹಸುರಾಯಿತು.' ಆ ಹುಡುಗ ಈಗ ಎಲ್ಲಿದ್ದಾನೋ! ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇನೆ.