ದೊಡ್ಡಪ್ಪನ ಬೆನ್ನ ಹಿಂದಿನ ಜನ್ನ

ದೊಡ್ಡಪ್ಪನಿಗೆ ಎಪ್ಪತ್ತೈದು ತುಂಬಿದಾಗ ಫ್ರೇಮ್ ಹಾಕಿಸೋಕೆ ಒಂದು ಫೋಟೊ ಬೇಕಿತ್ತು. ಸ್ಟುಡಿಯೊ ಬೇಡವೇ ಬೇಡ, ಅಮೃತಪುರದಲ್ಲೇ ತೆಗೀಬೇಕು, ಅದೂ ಶಾಸನದ ಕಲ್ಲಿನ ಮುಂದೆ ಅಂತ ಅವರ ಹಟ. ತರೀಕೆರೆಯಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಜನ್ನನ ಪಾಠ ಬಂದಾಗಲೆಲ್ಲ ಮಕ್ಕಳನ್ನ ಆ ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದರು. ಅಜ್ಜಂಪುರದ ಮನೆಯಿಂದ ಕಾರಲ್ಲಿ ಹೋಗಿ ನಾಲ್ಕು ಫೋಟೊ ತೆಗೆದೆ. ಬಿಸಿಲು ಎಡಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ಕಲ್ಲಿನ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಹೆಚ್ಚುಕಡಿಮೆ ಕಪ್ಪು.

ಬೆಂಗಳೂರಿಗೆ ವಾಪಸ್ ಬಂದ ರಾತ್ರಿಯೇ ಫೋಟೊಶಾಪ್ ತೆರೆದು ಕೂತೆ. ದೊಡ್ಡಪ್ಪನನ್ನು ಸೆಲೆಕ್ಟ್ ಮಾಡಿ ಬೇರೆ ಇಟ್ಟೆ. ಹಿನ್ನೆಲೆಯ ನೆರಳನ್ನು ಎತ್ತಿದೆ, ಬೆಳಕನ್ನು ಇಳಿಸಿದೆ, ಚುಕ್ಕೆ ಚುಕ್ಕೆ ಕಾಣಿಸಿದ್ದಕ್ಕೆ ನಾಯ್ಸ್ ತೆಗೆದೆ. ಹಿನ್ನೆಲೆ ಪಾಸ್‌ಪೋರ್ಟ್ ಫೋಟೊದ ಹಾಗೆ ಸಮ ಆಯ್ತು. ಜಾಗ ಉಳಿಸೋ ಚಟ ನೋಡಿ, ಮೂಲ ಫೈಲುಗಳನ್ನು ಡಿಲೀಟ್ ಮಾಡಿ ಮಲಗಿದೆ.

ಬೆಳಿಗ್ಗೆ ದೊಡ್ಡಪ್ಪನ ಫೋನು. "ಏನೋ ಇದು, ಕಲ್ಲಿಗೆ ಸುಣ್ಣ ಹೊಡೆಸಿದೀಯಾ? ಅಕ್ಷರ ಎಲ್ಲಿ ಹೋದ್ವೋ?"

ಹೋಗಿದ್ದವು ನಿಜ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನ ಬರೆದದ್ದು ಯಶೋಧರ ಚರಿತೆಯ ಕವಿ ಜನ್ನ. ಎಂಟುನೂರು ವರ್ಷ ತಡೆದುಕೊಂಡ ಸಾಲುಗಳನ್ನ ನಾನು ಅರ್ಧ ಗಂಟೆಯಲ್ಲಿ ಒರೆಸಿಹಾಕಿದ್ದೆ.

ಕಾರಣ ಬಹಳ ಸರಳ. ಕಾಗದದ ಮೇಲೆ ಅಕ್ಷರಕ್ಕೆ ಒಂದು ಬಣ್ಣ, ಹಾಳೆಗೆ ಇನ್ನೊಂದು. ಕಲ್ಲಿನಲ್ಲಿ ಎರಡೂ ಒಂದೇ ಬಣ್ಣ. ಉಳಿ ಕೊರೆದ ಗೆರೆಯ ಒಂದು ಅಂಚಿಗೆ ಬಿಸಿಲು ತಾಗಿ, ಇನ್ನೊಂದು ಅಂಚು ನೆರಳಿಗೆ ಬಿದ್ದರೆ ಮಾತ್ರ ಅದು ಅಕ್ಷರ. ನಾನು ದೋಷ ಅಂದುಕೊಂಡ ಓರೆ ಬಿಸಿಲೇ ಅದನ್ನ ಓದಿಸುತ್ತಿತ್ತು.

ಈ ತಾಪತ್ರಯ ನನಗೇ ಮೊದಲಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೊ ತೆಗೆದಿದ್ದ. ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮುಖ್ಯವಾಗಿ ಆ ಫೋಟೊಗಳನ್ನು ಇಟ್ಟುಕೊಂಡು ಓದಿ, 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಹೊರತಂದರು. ಫೋಟೊದಲ್ಲಿ ಕಲ್ಲು ಓದುವುದೆಂದರೆ ಬೇರೆಯವರ ಬಿಸಿಲಿನಲ್ಲಿ ಓದಿದ ಹಾಗೆ. ಕತ್ತಲಿರುವ ಮೂಲೆಯಲ್ಲಿ ಏನಿದೆ ಅಂತ ಬಗ್ಗಿ ನೋಡೋಕೆ ಆಗಲ್ಲ.

ಬಿಸಿಲಿನ ಗೊಡವೆಯೇ ಇಲ್ಲದ ದಾರಿ ಅಂದ್ರೆ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅದು ಗೆರೆಯೊಳಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ಒತ್ತಿದರೆ ಉಬ್ಬಿದ ಕಡೆಗಷ್ಟೇ ಕಪ್ಪು ಹತ್ತುತ್ತೆ, ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತೆ. ನಮ್ಮ ಕಡೆಯ ಶಾಸನಗಳೆಲ್ಲ ಸೇರಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟ ಬಂತು. ಹೆಸರು 'ಕಡೂರು ಜಿಲ್ಲೆ'. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಹೆಸರು ಕೊಟ್ಟಿದ್ದು ನಾವು ರೈಲಿಳಿದು ಕಾಫಿ ಕುಡಿಯುವ ಅದೇ ಕಡೂರು. ದೊಡ್ಡಪ್ಪನ ಕಲ್ಲು ಅದರಲ್ಲಿ ತರೀಕೆರೆ 45.

ಫೋಟೊ ಜನರೂ ಸುಮ್ಮನೆ ಕೂತಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವಾಗ ಕಪ್ಪಾಗುವ ಜಾಗಕ್ಕೆ ತಂತಿಯ ತುದಿಯ ಬಿಲ್ಲೆ ಅಡ್ಡ ಹಿಡಿದು ಬೆಳಕು ತಡೆಯೋದು ಡಾಡ್ಜ್. ಬೆಳ್ಳಗಿರುವ ಜಾಗಕ್ಕೆ ಕೈಬೆರಳ ಸಂದಿಯಿಂದ ಹೆಚ್ಚು ಬೆಳಕು ಬಿಡೋದು ಬರ್ನ್. 1990ರಲ್ಲಿ ಬಂದ ಫೋಟೊಶಾಪ್ ಆ ಹೆಸರುಗಳನ್ನೇ ಉಳಿಸಿಕೊಂಡಿತು. ಟೂಲ್‌ಬಾರಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಗುಂಡು, ಮಡಚಿದ ಕೈ ಇವೆಯಲ್ಲ, ಅವೇ. ನಾನು ಅದನ್ನ ಎಷ್ಟೋ ವರ್ಷ ಲಾಲಿಪಾಪ್ ಅಂದುಕೊಂಡಿದ್ದೆ.

ಪುಣ್ಯಕ್ಕೆ, ಅವತ್ತು ಕಾರಲ್ಲಿ ಕೂತೇ ಚಿಕ್ಕಪ್ಪನ ಮಗಳಿಗೆ ಒಂದು ಫೋಟೊ ವಾಟ್ಸಾಪ್ ಮಾಡಿದ್ದೆ. ಸೈಜ್ ಕುಗ್ಗಿತ್ತು, ಆದರೆ ಅಕ್ಷರ ಇದ್ದವು.

ಈ ಸಲ ಬೇರೆ ರೀತಿ ಮಾಡಿದೆ. ಫೋಟೊದ ಕಾಪಿಯೊಂದನ್ನು ಮೇಲಿನ ಲೇಯರ್ ಮಾಡಿ, ಅಕ್ಷರ ಪೂರ್ತಿ ಕರಗುವಷ್ಟು ಗಾಸಿಯನ್ ಬ್ಲರ್ ಕೊಟ್ಟೆ. ಆಗ ಉಳಿಯೋದು ಕಲ್ಲೂ ಅಲ್ಲ, ಅಕ್ಷರವೂ ಅಲ್ಲ, ಬೆಳಕು ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಅನ್ನೋ ನಕ್ಷೆ ಮಾತ್ರ. ಬ್ಲೆಂಡ್ ಮೋಡನ್ನು ಡಿವೈಡ್‌ಗೆ ಇಟ್ಟರೆ ಕೆಳಗಿನ ಚಿತ್ರ ಆ ನಕ್ಷೆಯಿಂದ ಭಾಗವಾಗುತ್ತೆ. ಅಗಲವಾಗಿ ಹರಡಿದ ಏರುಪೇರು ಹೋಗುತ್ತೆ, ಗೆರೆಯ ಅಂಚಿನ ಸಣ್ಣ ನೆರಳು ಉಳಿಯುತ್ತೆ. ಮೊದಲು ಎಲ್ಲ ಬೆಳ್ಳಗಾಗಿ ಗಾಬರಿ ಆಯ್ತು; ಒಪಾಸಿಟಿ ಇಳಿಸಿದ ಮೇಲೆ ಹದಕ್ಕೆ ಬಂತು. ದೊಡ್ಡಪ್ಪನ ಬಿಳಿ ಅಂಗಿ ಬ್ಲರ್‌ನಲ್ಲಿ ಹರಡಿ ಭುಜದ ಸುತ್ತ ಕಪ್ಪು ಹೊಗೆಯ ಹಾಗೆ ಕಂಡಿತು. ಕಾಪಿಯಲ್ಲಿ ಅವರನ್ನ ಕ್ಲೋನ್ ಟೂಲಿನಿಂದ ಕಲ್ಲಿನ ಬಣ್ಣಕ್ಕೆ ತಂದು, ಮತ್ತೆ ಬ್ಲರ್ ಮಾಡಬೇಕಾಯ್ತು. ಬಲಗಡೆಯ ಕತ್ತಲೆಯನ್ನ ಪೂರ್ತಿ ತೆಗೆಯಲಿಲ್ಲ.

ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಗೆ ಮಾಡಿದ ಕಲ್ಲಿಗೆ ಸ್ಕ್ರೀನಿನ ಮೇಲೇ ಬೇಕಾದ ಕಡೆಯಿಂದ ಬೆಳಕು ಹಾಯಿಸಬಹುದು. ಇದನ್ನ ಹೇಳಿದಾಗ ದೊಡ್ಡಪ್ಪ, "ನಮ್ಮ ಕಲ್ಲಿಗೂ ಮಾಡ್ತಾರಂತಾ ಕೇಳು" ಅಂದರು. ಇನ್ನೂ ಕೇಳಿಲ್ಲ.

ಫ್ರೇಮು ಅಜ್ಜಂಪುರದ ಹಾಲಿನಲ್ಲಿದೆ. ಕಳೆದ ಸಲ ಹೋದಾಗ ದೊಡ್ಡಪ್ಪ ಕನ್ನಡಕ ಹಣೆಗೇರಿಸಿ, ಗಾಜಿನ ಮೇಲೆ ಬೆರಳಿಟ್ಟು, ತಮ್ಮದೇ ಭುಜದ ಪಕ್ಕದ ಸಾಲನ್ನು ಮೆಲ್ಲಗೆ ಓದುತ್ತಿದ್ದರು. ಕತ್ತಲು ಶುರುವಾಗೋ ಕಡೆ ಬೆರಳು ನಿಂತಿತು. ಅಲ್ಲಿಂದ ಮುಂದಿನದನ್ನ ಬಾಯಿಪಾಠ ಹೇಳಿದರು.