ಜೇನಿನ ಕೋಟೆ, ನಮ್ಮ ಬಾಟಲಿ

2021ರ ಎರಡನೇ ಅಲೆಯ ಹೊತ್ತು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಅಪ್ಪ ದೇವದುರ್ಗದಲ್ಲಿ ಒಬ್ಬರೇ. ಊರಿಗೆ ಹೋಗಲಾಗದ ಮಗ ಏನು ಮಾಡ್ತಾನೆ? ಆನ್‌ಲೈನಲ್ಲಿ ಏನಾದ್ರೂ ಆರ್ಡರ್ ಮಾಡ್ತಾನೆ. ನಾನು ಕಳಿಸಿದ್ದು ಪ್ರೊಪೋಲಿಸ್ ಹನಿಗಳ ಪುಟ್ಟ ಬಾಟಲಿ. ಜೇನುಹುಳ ಗೂಡಿಗೆ ಹಚ್ಚುವ ಅಂಟು ಅದು. ‘ನೈಸರ್ಗಿಕ, ಇಮ್ಯುನಿಟಿ ಹೆಚ್ಚಿಸುತ್ತದೆ’ ಅಂತ ಮೇಲೆ ಬರೆದಿತ್ತು.

ಕೆಲವು ದಿನಕ್ಕೆ ಮಾನ್ವಿಯಿಂದ ಅಕ್ಕ ಫೋನ್ ಮಾಡಿದಳು. ಅಪ್ಪನ ತುಟಿ ಬಾತಿದೆ, ಬಾಯೊಳಗೆಲ್ಲ ಉರಿ. ಮಾಮ ಗಾಡಿ ಮಾಡಿಕೊಂಡು ರಾಯಚೂರಿಗೆ ಕರಕೊಂಡು ಹೋದರು. ‘ಹೊಸದಾಗಿ ಏನಾದ್ರೂ ತಗೊಂಡೀರೇನು?’ ಅಂತ ಡಾಕ್ಟರು ಕೇಳಿದಾಗ ಅಪ್ಪ ಜೇಬಿನಿಂದ ತೆಗೆದದ್ದು ನಾನು ಕಳಿಸಿದ ಬಾಟಲಿ. ಅದನ್ನು ನಿಲ್ಲಿಸಿದ ಮೇಲೆ ಬಾವು ಇಳಿಯಿತು. ಪ್ರೊಪೋಲಿಸ್ ಕೆಲವರಿಗೆ ಅಲರ್ಜಿ ತರುತ್ತದೆ. ಜೇನು ಸಾಕುವವರಲ್ಲೇ ಕೆಲವರಿಗೆ ಇದರಿಂದ ಕೈಯೆಲ್ಲ ತುರಿಕೆ ಏಳುವುದುಂಟು. ಕಳಿಸುವ ಮುಂಚೆ ಇಷ್ಟನ್ನೂ ನಾನು ಓದಿರಲಿಲ್ಲ. ಆಮೇಲೆ ಓದಲು ಕೂತೆ.

ಮೊದಲು ಸಿಕ್ಕಿದ್ದು ಹೆಸರಿನ ಕಥೆ. ಗ್ರೀಕ್ ಭಾಷೆಯಲ್ಲಿ ‘ಪ್ರೊ’ ಅಂದರೆ ಮುಂದೆ, ‘ಪೋಲಿಸ್’ ಅಂದರೆ ನಗರ. ಪ್ರೊಪೋಲಿಸ್ ಅಂದರೆ ಊರ ಮುಂದಿನದು. ರಾಯಚೂರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಿಗೆ ಮೆಕ್ಕಾ ದರ್ವಾಜಾ, ನೌರಂಗಿ ದರ್ವಾಜಾ, ಕಾಟಿ ದರ್ವಾಜಾ ಇವೆ. ಒಳಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ, ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರ. ಗೋಡೆ ಕಟ್ಟಿದವರು ಹೊತ್ತು ತಂದ ಕಷ್ಟವನ್ನೂ ಕೆತ್ತಿಸಿ ಇಟ್ಟಿದ್ದಾರೆ.

ಜೇನಿನ ಕಷ್ಟವೂ ಕಡಿಮೆಯಲ್ಲ. ಗಿಡದ ಮೊಗ್ಗು, ತೊಗಟೆಯಲ್ಲಿ ಒಸರುವ ಅಂಟನ್ನು ಹುಳ ಕಚ್ಚಿ ತೆಗೆದು ಹಿಂಗಾಲಿಗೆ ಮೆತ್ತಿಕೊಂಡು ತರುತ್ತದೆ. ಗೂಡಿಗೆ ಬಂದ ಮೇಲೆ ಅದನ್ನು ಇಳಿಸಲು ಬೇರೆ ಹುಳಗಳು ಬಂದು ಎಳೆಯಬೇಕು. ಆಮೇಲೆ ಮೇಣ ಬೆರೆಸಿ ಬಿರುಕಿಗೆ, ಬಾಗಿಲಿಗೆ, ಒಳಗೋಡೆಗೆ ಬಳಿಯುತ್ತವೆ. ತಿನ್ನುವುದಿಲ್ಲ. ಇದನ್ನು ನೆನಪಿಡಿ.

ಮನುಷ್ಯರು ಇದನ್ನು ಮದ್ದು ಮಾಡಿದ್ದು ಬಹಳ ಹಿಂದೆ. ಗೂಡಿನ ಬಾಗಿಲಲ್ಲಿರುವ ಘಾಟು ವಾಸನೆಯ ಕಪ್ಪು ಅಂಟು ಪೆಟ್ಟಿಗೂ ಕೀವುಗಾಯಕ್ಕೂ ಒಳ್ಳೆಯದು ಅಂತ ಅರಿಸ್ಟಾಟಲ್‌ನ ಪ್ರಾಣಿಗಳ ಚರಿತ್ರೆಯಲ್ಲೇ ಇದೆ. ರೋಮಿನ ಪ್ಲಿನಿ, ಮೈಯಲ್ಲಿ ಚುಚ್ಚಿಕೊಂಡದ್ದನ್ನು ಹೊರಗೆಳೆಯುತ್ತದೆ ಅಂತ ಬರೆದ. ನಮ್ಮ ಸುಶ್ರುತ ಎಂಟು ಬಗೆಯ ಜೇನುತುಪ್ಪ ಎಣಿಸಿದ್ದಾನೆ. ಜೇನುತುಪ್ಪವನ್ನು ಗಾಯಕ್ಕೆ ಹಚ್ಚುವುದು ನಮ್ಮಲ್ಲಿ ಹಳೇ ರೂಢಿ. ಹೆಚ್ಚಿನದೆಲ್ಲ ಮೈಮೇಲೆ ಹಚ್ಚುವ ಮದ್ದು. ಇವತ್ತು ಪ್ರಯೋಗಾಲಯದ ತಟ್ಟೆಯಲ್ಲೂ ಪ್ರೊಪೋಲಿಸ್ ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಳಬರು ಸುಮ್ಮನೆ ಹೇಳಿದ್ದಲ್ಲ. ಆದರೆ ಯುರೋಪಿನ ಅಂಟು ಬಹುಪಾಲು ಪಾಪ್ಲರ್ ಮರದ್ದು, ಬ್ರೆಜಿಲಿನ ಹಸಿರು ಪ್ರೊಪೋಲಿಸ್ ಬೇರೆಯೇ ಪೊದೆಯದ್ದು. ಗಿಡ ಬದಲಾದರೆ ಒಳಗಿನ ಸರಕೂ ಬದಲು. ಒಂದರ ಮೇಲೆ ಮಾಡಿದ ಪರೀಕ್ಷೆ ಇನ್ನೊಂದಕ್ಕೆ ಸರ್ಟಿಫಿಕೇಟ್ ಆಗುವುದಿಲ್ಲ.

ಇನ್ನು ಇಮ್ಯುನಿಟಿ. 2009ರಲ್ಲಿ ಅಮೆರಿಕದ ಮೈಕಲ್ ಸಿಮೋನ್, ಜೇ ಇವಾನ್ಸ್, ಮಾರ್ಲಾ ಸ್ಪಿವಾಕ್ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಪೆಟ್ಟಿಗೆಗಳ ಒಳಗೋಡೆಗೆ ಪ್ರೊಪೋಲಿಸ್ ರಸ ಬಳಿದರು, ಕೆಲವನ್ನು ಹಾಗೇ ಬಿಟ್ಟರು. ಬಳಿದ ಪೆಟ್ಟಿಗೆಯ ಹುಳಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ರೋಗನಿರೋಧಕ್ಕೆ ಸಂಬಂಧಿಸಿದ ಎರಡು ಜೀನ್‌ಗಳ ಕೆಲಸವೂ ಕಡಿಮೆಯಾಗಿತ್ತು! ಹೆಚ್ಚಿಗೆ ಅಲ್ಲ, ಕಡಿಮೆ. ಗೋಡೆ ಗಟ್ಟಿ ಇದ್ದುದರಿಂದ ಒಳಗಿನವರು ದಿನವೂ ಕತ್ತಿ ಹಿಡಿದು ನಿಲ್ಲಬೇಕಾಗಿರಲಿಲ್ಲ. ವಿಜ್ಞಾನಿಗಳು ಇದಕ್ಕೆ ಸಾಮಾಜಿಕ ರೋಗನಿರೋಧ ಅನ್ನುತ್ತಾರೆ. ಬಾಟಲಿ ಮೇಲಿನ ಮಾತು ಇದಕ್ಕೆ ಪೂರಾ ಉಲ್ಟಾ.

ಲಾಕ್‌ಡೌನ್ ಸಡಿಲಾದ ಮೇಲೆ ದೇವದುರ್ಗಕ್ಕೆ ಹೋದೆ. ಓದಿದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಸುಮ್ಮನೆ ಹೊಲಕ್ಕೆ ಕರಕೊಂಡು ಹೋಗಿ ಬದುವಿನ ಜಾಲಿ ಗಿಡದಲ್ಲಿ ಅಂಗೈಯಷ್ಟು ಕೋಲುಜೇನಿನ ಹಲ್ಲೆ ತೋರಿಸಿದರು. ಹಲ್ಲೆಯ ಎರಡೂ ಕಡೆ ಕೊಂಬೆಗೆ ಅಂಟಿನ ಪಟ್ಟಿ, ಅದರಲ್ಲಿ ಸಿಕ್ಕಿಬಿದ್ದ ಒಂದೆರಡು ಇರುವೆ.

‘ಇರುವಿ ದಾಟಬಾರದಂತ ಹಚ್ಯಾವ ನೋಡಪಾ. ಒಣಗಿದ್ರ ಮತ್ತ ಹಚ್ತಾವ. ಸಣ್ಣಾವಿದ್ದಾಗಿಂದ ನೋಡೀನಿ. ನೀ ಇದನ್ನ ನನಗ ಕುಡಿಸಿದಿ!’

ಇಬ್ಬರೂ ನಕ್ಕೆವು. ಆದರೆ ಒಂದು ಮಾತು ಮಾತ್ರ ನನಗೆ ಚುಚ್ಚಿತು. ಬಾಟಲಿ ಹುಡುಕಿದ ಆ ರಾತ್ರಿ ಅಪ್ಪನ ಲಸಿಕೆಯ ಎರಡನೇ ಡೋಸು ಬಾಕಿ ಇತ್ತು. ಅದರ ಸ್ಲಾಟಿಗೆ ಓಡಾಡಿದ್ದು ಮಾನ್ವಿಯ ಅಕ್ಕ, ನಾನಲ್ಲ. ಊರಿಗೆಲ್ಲ ಸೇರಿ ಒಂದು ಗೋಡೆ ಅಂತ ಇದ್ದರೆ ಆಗ ಅದು ಲಸಿಕೆಯೇ ಆಗಿತ್ತು.